ಕುದುರೆಯನ್ನು ಕಚ್ಚುತ್ತಿರುವ ನೊಣ ಯಾವುದು?

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ನೆನೆಯುತ್ತಿದ್ದಂತೆ ಕುದುರೆ ಸಾಕಿದವರ ಬಾಯಲ್ಲಿ ಒಂದೇ ಮಾತು: "ಇದಕ್ಕೆ ಏನೋ ಆಗಿದೆ, ನಿಂತಲ್ಲಿ ನಿಲ್ಲುತ್ತಿಲ್ಲ." ಬೇಸಿಗೆಯಲ್ಲಿ ಸಾಧುವಾಗಿದ್ದ ಪ್ರಾಣಿ ಈಗ ಕಾಲು ಅಪ್ಪಳಿಸುತ್ತದೆ, ತಲೆ ಕೊಡವುತ್ತದೆ, ಹೊಟ್ಟೆಯ ಕಡೆ ತಿರುಗಿ ಹಲ್ಲು ಹಾಕುತ್ತದೆ, ಕಂಬಕ್ಕೆ ಬಾಲದ ಬುಡ ತಿಕ್ಕಿ ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ. ಮೊಂಡು ಬಿದ್ದಿದೆ ಎಂದುಕೊಂಡು ಚಾಟಿ ಎತ್ತುವವರಿದ್ದಾರೆ. ಅದು ಅನ್ಯಾಯ. ಈ ಕಾಲದಲ್ಲಿ ಇದ್ದಕ್ಕಿದ್ದಂತೆ ಬದಲಾದ ಕುದುರೆಯ ಮೈಯನ್ನು ಮೊದಲು ನೋಡಬೇಕು, ನಡತೆಯ ಮಾತು ಆಮೇಲೆ.

ಕುದುರೆಯ ಚರ್ಮ ನಾವು ಅಂದುಕೊಂಡಿದ್ದಕ್ಕಿಂತ ಬಹಳ ಸೂಕ್ಷ್ಮ. ಕೂದಲ ತುದಿಗೆ ನೊಣ ತಗುಲಿದರೂ ಅದಕ್ಕೆ ಗೊತ್ತಾಗುತ್ತದೆ. ಹೆಗಲು ಮತ್ತು ಪಕ್ಕೆಗಳ ಚರ್ಮದಡಿ ತೆಳ್ಳಗೆ ಹರಡಿಕೊಂಡ ಸ್ನಾಯುವಿದೆ. ಅದನ್ನು ಅದುರಿಸಿ ನೊಣವನ್ನು ಏಳಿಸುತ್ತದೆ. ಹಿಂಭಾಗಕ್ಕೆ ಬಾಲವಿದೆ, ಕತ್ತಿಗೆ ಜೂಲಿದೆ, ಕಣ್ಣಿಗೆ ಹಣೆಯ ಮೇಲೆ ಇಳಿಬಿದ್ದ ಕೂದಲಿದೆ. ಕಾಲಿನ ಕೆಳಭಾಗಕ್ಕೆ ಮಾತ್ರ ಆ ಸ್ನಾಯುವೂ ಇಲ್ಲ, ಬಾಲವೂ ಮುಟ್ಟುವುದಿಲ್ಲ. ನೆಲಕ್ಕೆ ಬಡಿಯುವುದೊಂದೇ ದಾರಿ. ದಿನವಿಡೀ ಹೀಗೆ ಬಡಿದರೆ ಲಾಳ ಸಡಿಲವಾಗುತ್ತದೆ, ಗೊರಸಿನ ಅಂಚು ಒಡೆಯುತ್ತದೆ, ಕೀಲುಗಳಿಗೆ ಪೆಟ್ಟಾಗುತ್ತದೆ. ಮೇವಿನ ಮುಂದೆ ನಿಂತೂ ತಿನ್ನದೆ ಸೊರಗುತ್ತದೆ. ಕುದುರೆಗಳೆಲ್ಲಕ್ಕೂ ಈ ಕಾಟ ಒಂದೇ ಸಮನಾಗಿರುವುದಿಲ್ಲ. ತೆಳು ಚರ್ಮದ ಥರೋಬ್ರೆಡ್ ತಳಿಯವು ಬೇಗ ಸಿಟ್ಟಿಗೇಳುತ್ತವೆ. ಇನ್ನು ಕೆಲವಕ್ಕೆ ಕೀಟದ ಜೊಲ್ಲೇ ಒಗ್ಗದ ಅಲರ್ಜಿ. ಪಕ್ಕದ ಕುದುರೆ ನೆಮ್ಮದಿಯಾಗಿ ಮೇಯುತ್ತಿರುವಾಗ ಇದು ಮೈ ಹರಿದುಕೊಳ್ಳುತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ನಾವು ಮೊದಲು ಓಡುವುದು ಔಷಧಿ ಅಂಗಡಿಗೆ. ಅಲ್ಲಿಗೆ ಹೋಗುವ ಮೊದಲು ಒಂದು ದಿನ ಲಾಯದ ಬಳಿ ಕೂತು ನೋಡಿ. ಕಾಟ ಯಾವ ಹೊತ್ತಿನಲ್ಲಿ ಹೆಚ್ಚು? ಬಿಸಿಲಲ್ಲೋ, ಮುಸ್ಸಂಜೆಯಲ್ಲೋ? ಮೈಯ ಯಾವ ಭಾಗ ಗುರಿಯಾಗುತ್ತಿದೆ? ಲಾಯದ ಒಳಗೋ, ಬಯಲಲ್ಲೋ? ಇಷ್ಟು ತಿಳಿದರೆ ಯಾವ ನೊಣ ಎಂಬುದು ಬಹುಮಟ್ಟಿಗೆ ಗೊತ್ತಾದಂತೆ. ನೊಣ ಬೇರೆಯಾದರೆ ಉಪಾಯವೂ ಬೇರೆ. ಒಂದಕ್ಕೆ ಕೆಲಸ ಮಾಡಿದ್ದು ಇನ್ನೊಂದಕ್ಕೆ ತದ್ವಿರುದ್ಧವಾಗಬಹುದು.

ಸುಡುಬಿಸಿಲಿನಲ್ಲಿ ಬರುವ ದೊಡ್ಡ ನೊಣ

ನಡುಹಗಲಿನ ಬಿಸಿಲಿನಲ್ಲಿ, ಕೆರೆಯಂಚಿನ ಅಥವಾ ಕಾಡಂಚಿನ ಬಯಲಿನಲ್ಲಿ ಗುಂಯ್ ಎಂದು ಬಂದು ಎರಗುವ, ದೊಡ್ಡ ಹೊಳೆಯುವ ಕಣ್ಣಿನ ನೊಣವೇ ಕುದುರೆ ನೊಣ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ಅದಕ್ಕೆ ರಕ್ತ ಬೇಕು. ಅದು ಸೊಳ್ಳೆಯ ಹಾಗೆ ಸೂಜಿ ಚುಚ್ಚುವುದಿಲ್ಲ, ಬಾಯಿಯ ಅಲಗುಗಳಿಂದ ಚರ್ಮವನ್ನೇ ಕೊಯ್ದು ಒಸರಿದ ರಕ್ತವನ್ನು ನೆಕ್ಕುತ್ತದೆ. ಕಚ್ಚಿದ ಜಾಗದಿಂದ ರಕ್ತದ ಹನಿ ಇಳಿಯುವುದನ್ನು ನೋಡಿದವರಿಗೆ ಆ ನೋವಿನ ಅಂದಾಜು ಸಿಗುತ್ತದೆ. ಸವಾರನಿದ್ದಾಗ ಕುದುರೆ ಹಠಾತ್ತನೆ ಕುಪ್ಪಳಿಸಿ ಓಡುವುದಕ್ಕೆ ಇದೂ ಒಂದು ಕಾರಣ.

ಇದರ ಮರಿಹುಳುಗಳು ಬೆಳೆಯುವುದು ನೀರಂಚಿನ ಕೆಸರಿನಲ್ಲಿ. ಕೆರೆಯ ಅಂಚನ್ನೆಲ್ಲ ನಾವು ಚೊಕ್ಕ ಮಾಡಲಾಗುವುದಿಲ್ಲ. ಆದರೆ ಈ ನೊಣಕ್ಕೊಂದು ಹಿಂಜರಿಕೆಯಿದೆ: ಕತ್ತಲಾದ, ತಂಪಾದ ಜಾಗದೊಳಗೆ ನುಗ್ಗಲು ಅದು ಇಷ್ಟಪಡುವುದಿಲ್ಲ. ಹಾಗಾಗಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕುದುರೆಯನ್ನು ನೆರಳಿನ ಲಾಯದಲ್ಲಿ ಕಟ್ಟಿ, ಬೆಳಗಿನ ತಂಪಿನಲ್ಲೋ ರಾತ್ರಿಯೋ ಮೇಯಲು ಬಿಟ್ಟರೆ ಅರ್ಧ ಕಾಟ ತಪ್ಪುತ್ತದೆ.

ಬಣ್ಣದ ವಿಷಯ ನನಗೆ ಬಹಳ ಕುತೂಹಲದ್ದು. ಹಂಗೇರಿಯ ಗಾಬೊರ್ ಹೋರ್ವಾತ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿಕೊಟ್ಟಂತೆ ಕುದುರೆ ನೊಣಗಳು ಬಿಳಿ ಕುದುರೆಗಿಂತ ಕಂದು, ಕಪ್ಪು ಕುದುರೆಗಳತ್ತ ಹೆಚ್ಚು ಸೆಳೆಯಲ್ಪಡುತ್ತವೆ. ಗಾಢ ಬಣ್ಣದ ಹೊಳೆಯುವ ಮೈಯಿಂದ ಪ್ರತಿಫಲಿಸುವ ಧ್ರುವೀಕೃತ ಬೆಳಕು ಅವಕ್ಕೆ ಸೆಳೆತ. ನೀರನ್ನು ಹುಡುಕುವುದೂ ಅವು ಇದೇ ಗುರುತಿನಿಂದ. ಇನ್ನೊಂದು ಪ್ರಯೋಗ ಬ್ರಿಟನ್ನಿನ ಸಾಮರ್ಸೆಟ್‌ನದು. ಟಿಮ್ ಕ್ಯಾರೋ ಮತ್ತಿತರರು ಕುದುರೆಗಳಿಗೆ ಕಪ್ಪು, ಬಿಳಿ ಮತ್ತು ಜೀಬ್ರಾ ಪಟ್ಟೆಯ ಹೊದಿಕೆಗಳನ್ನು ಹೊದಿಸಿ ನೋಡಿದರು. 2019ರಲ್ಲಿ ಅದು ಪ್ರಕಟವಾಯಿತು. ಪಟ್ಟೆಯ ಹೊದಿಕೆಯ ಮೇಲೆ ಇಳಿದ ನೊಣಗಳು ತೀರಾ ಕಡಿಮೆ. ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ಎಲ್ಲ ಕುದುರೆಗಳಲ್ಲೂ ಅಷ್ಟೇ ನೊಣ. ಹತ್ತಿರದವರೆಗೂ ನೊಣ ಬರುತ್ತದೆ, ಆದರೆ ಪಟ್ಟೆಯ ಮುಂದೆ ವೇಗ ತಗ್ಗಿಸಿ ಇಳಿಯಲು ಅದಕ್ಕೆ ತಿಳಿಯುವುದಿಲ್ಲ. ಅದೇ ವರ್ಷ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಕಪ್ಪು ಹಸುಗಳಿಗೆ ಬಿಳಿ ಪಟ್ಟೆ ಬಳಿದಾಗ ಕಡಿತ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹಾಗಾಗಿ ಹೊದಿಕೆ ಕೊಳ್ಳುವವರು ಪಟ್ಟೆಯದ್ದನ್ನೋ ತಿಳಿಬಣ್ಣದ್ದನ್ನೋ ಆರಿಸಿ. ಚಂದಕ್ಕೆಂದು ಕಡುನೀಲಿ, ಕಪ್ಪು ಹೊದಿಸಿದರೆ ನೊಣವನ್ನು ನಾವೇ ಕರೆದಂತೆ.

ಈ ಸೆಳೆತವನ್ನೇ ಬಳಸಿಕೊಂಡು ಬಲೆ ಒಡ್ಡಬಹುದು. ಬಿಸಿಲಲ್ಲಿ ತೂಗಿಬಿಟ್ಟ ಹೊಳೆಯುವ ದೊಡ್ಡ ಕಪ್ಪು ಚೆಂಡು, ಅದರ ಮೇಲೆ ಕೊಳವೆಯಂತೆ ಕಿರಿದಾಗುವ ತಿಳಿಬಣ್ಣದ ಜಾಲರಿ, ತುದಿಯಲ್ಲೊಂದು ಡಬ್ಬಿ. ಕಾದ ಚೆಂಡನ್ನು ಪ್ರಾಣಿಯೆಂದುಕೊಂಡು ಬಂದ ನೊಣ ನಿರಾಶೆಯಿಂದ ಮೇಲಕ್ಕೆ ಹಾರಿ ಡಬ್ಬಿಗೆ ಬೀಳುತ್ತದೆ. ಆಫ್ರಿಕಾದಲ್ಲಿ ತ್ಸೆತ್ಸೆ ನೊಣಕ್ಕೂ ಬಳಸುವ ನೀಲಿ-ಕಪ್ಪು ಬಟ್ಟೆಯ ಬಲೆಯೂ ಕುದುರೆ ನೊಣವನ್ನು, ಮುಂದೆ ಹೇಳಲಿರುವ ಲಾಯದ ನೊಣವನ್ನು ಹಿಡಿಯುತ್ತದೆ. ಬಲೆಯನ್ನು ಲಾಯದ ಬಾಗಿಲಲ್ಲಿ ಕಟ್ಟಬೇಡಿ. ಪೊದೆ, ನೀರಿನ ಕಡೆಯಿಂದ ನೊಣ ಬರುವ ದಾರಿಯಲ್ಲಿ, ಬಯಲ ಬಿಸಿಲಿನಲ್ಲಿ ಇರಲಿ.

ಲಾಯದ ನೊಣ ನಾವೇ ಬೆಳೆಸಿದ್ದು

ನೋಡಲು ಮನೆನೊಣದಂತೆಯೇ ಇರುವ, ಆದರೆ ಬಾಯಿಯ ಮುಂದೆ ಸೂಜಿಯೊಂದು ಚಾಚಿಕೊಂಡಿರುವ ನೊಣ ಕಾಲುಗಳ ಮೇಲೆ ತಲೆ ಮೇಲಾಗಿ ಕೂತಿದ್ದರೆ ಅದು ಲಾಯದ ನೊಣ, ವಿಜ್ಞಾನಿಗಳ ಸ್ಟೊಮಾಕ್ಸಿಸ್. ಇದರಲ್ಲಿ ಗಂಡೂ ಕಚ್ಚುತ್ತದೆ, ಹೆಣ್ಣೂ ಕಚ್ಚುತ್ತದೆ. ಕೆಲವು ನಿಮಿಷ ರಕ್ತ ಹೀರಿ, ಪಕ್ಕದ ಗೋಡೆಗೋ ಬೇಲಿಗೋ ಹೋಗಿ ಕೂತು ಅರಗಿಸಿಕೊಳ್ಳುತ್ತದೆ. ಕುದುರೆಯ ಮೇಲೆ ನಾಲ್ಕೇ ಕಂಡರೂ ಗೋಡೆಯ ಮೇಲೆ ಅದರ ಎಷ್ಟೋ ಪಾಲು ಇರುತ್ತವೆ.

ಇದು ಬೆಳೆಯುವ ಜಾಗವನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಲದ್ದಿಯನ್ನು ದಿನಾ ತೆಗೆಯುತ್ತೇವೆ, ಆದರೂ ನೊಣ ಹೋಗುತ್ತಿಲ್ಲ ಎನ್ನುವವರು ಮೇವಿನ ತೊಟ್ಟಿಯ ಕೆಳಗೆ, ನೀರಿನ ನಲ್ಲಿ ಸೋರುವ ಮೂಲೆಯಲ್ಲಿ, ಗಂಜಳದಲ್ಲಿ ನೆನೆದ ಹುಲ್ಲಿನ ಅಡಿಯಲ್ಲಿ ಒಮ್ಮೆ ಕೈ ಹಾಕಿ ನೋಡಬೇಕು. ಬರಿಯ ಹೊಸ ಲದ್ದಿಗಿಂತ ಕೊಳೆತ ಹುಲ್ಲು, ಗಂಜಳ, ಲದ್ದಿ ಮೂರೂ ಬೆರೆತ ಒದ್ದೆ ರಾಶಿಯೇ ಇದಕ್ಕೆ ಇಷ್ಟ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಹಾರುವ ನೊಣವಾಗಲು ಎರಡು ಮೂರು ವಾರ ಸಾಕು. ಅಷ್ಟರೊಳಗೆ ಆ ಒದ್ದೆಯನ್ನು ಹೊರಹಾಕಿ ಒಣಗಿಸಿದರೆ ಒಂದು ಪೀಳಿಗೆಯೇ ಇಲ್ಲ. ತಿಂಗಳಿಗೊಮ್ಮೆ ಗುಡಿಸಿದರೆ ಆ ಹೊತ್ತಿಗೆ ನೊಣ ಹಾರಿ ಹೋಗಿರುತ್ತದೆ. ಕೋಸ್ಟರಿಕಾದಲ್ಲಿ ಅನಾನಸ್ ತೋಟಗಳ ಕೊಳೆತ ಕಸದಿಂದಲೂ ಬ್ರೆಜಿಲ್‌ನಲ್ಲಿ ಕಬ್ಬಿನ ತ್ಯಾಜ್ಯದಿಂದಲೂ ಈ ನೊಣ ಎದ್ದು ಸುತ್ತಲಿನ ದನಕರುಗಳನ್ನು ಕಾಡಿದೆ. ನಮ್ಮ ತೋಟಗಳ ಬದಿಯ ಕೊಳೆತ ರಾಶಿಯೂ ಅದೇ ಕೆಲಸ ಮಾಡುತ್ತದೆ. ಪಕ್ಕದ ಕೊಟ್ಟಿಗೆಯವರ ಜೊತೆ ಮಾತನಾಡಿಕೊಳ್ಳಲೇಬೇಕು; ನೊಣಕ್ಕೆ ಬೇಲಿ ಇಲ್ಲ.

ದೊಡ್ಡ ಕುದುರೆಯೊಂದು ದಿನಕ್ಕೆ ಸುಮಾರು 20ರಿಂದ 25 ಕಿಲೋ ಲದ್ದಿ ಹಾಕುತ್ತದೆ. ಗುಂಡಿಯನ್ನು ಲಾಯದಿಂದ ಆದಷ್ಟು ದೂರದಲ್ಲಿ, ಗಾಳಿ ಬೀಸುವ ದಿಕ್ಕು ನೋಡಿ ಮಾಡಿ. ರಾಶಿಯ ಒಳಗೆ ಕಾವು 55-60 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮರಿಹುಳು ಉಳಿಯುವುದಿಲ್ಲ. ಆದರೆ ರಾಶಿಯ ಹೊರಪದರ ತಣ್ಣಗಿರುತ್ತದೆ, ಹುಳು ಅಲ್ಲಿಗೇ ಬಂದು ಸೇರುತ್ತದೆ. ಆದ್ದರಿಂದ ರಾಶಿಯನ್ನು ಆಗಾಗ ಮಗುಚಿ, ಕಪ್ಪು ಟಾರ್ಪಾಲಿನಿಂದ ಅಂಚು ಬಿಗಿದು ಮುಚ್ಚಿ. ಗೋಬರ್ ಗ್ಯಾಸ್ ಇರುವವರಿಗೆ ಇನ್ನೂ ಸುಲಭ. ಮಳೆಯ ದಿನಗಳಲ್ಲಿ ಇದೆಲ್ಲ ಬೇಸರದ ಕೆಲಸ, ಒಪ್ಪುತ್ತೇನೆ. ಆದರೂ ಕೈಯಲ್ಲಿರುವ ಹಣ ಒಂದೇ ಕಡೆ ಖರ್ಚು ಮಾಡಬೇಕೆಂದರೆ ನಾನು ಸ್ಪ್ರೇ ಡಬ್ಬಿಗಲ್ಲ, ಲಾಯ ಒಣಗಿಸುವ ಆಳಿನ ಕೂಲಿಗೆ ಕೊಡುತ್ತೇನೆ.

ಈ ನೊಣ ಕೂರುವ ಕಾಲಿಗೆ ಜಾಲರಿ ಬಟ್ಟೆಯ ಸಡಿಲ ಪಟ್ಟಿಗಳು ಸಿಗುತ್ತವೆ. ದಿನಾ ಬಿಚ್ಚಿ, ಒಣಗಿಸಿ ಹಾಕಬೇಕು.

ಕಣ್ಣಿಗೆ ಬೀಳದ ನೊರಜು

ಎಲ್ಲಕ್ಕಿಂತ ಹೆಚ್ಚು ಕುದುರೆಗಳನ್ನು ಗೋಳಾಡಿಸುವುದು ಎಲ್ಲಕ್ಕಿಂತ ಚಿಕ್ಕದು. ಒಂದರಿಂದ ಮೂರು ಮಿಲಿಮೀಟರ್ ಉದ್ದದ ನೊರಜು, ಕ್ಯುಲಿಕಾಯ್ಡಿಸ್ ಕುಲದ್ದು. ಮುಸ್ಸಂಜೆ, ನಸುಕು, ಗಾಳಿಯಾಡದ ಮೋಡದ ಹೊತ್ತು ಅದರ ಕಾಲ. ಜೂಲಿನ ಬುಡ, ಬಾಲದ ಬುಡ, ಹೊಟ್ಟೆಯ ನಡುಗೆರೆ ಅದರ ಗುರಿ. ನೊಣ ಕಾಣುವುದೇ ಇಲ್ಲವಾದ್ದರಿಂದ ಕಜ್ಜಿ, ಹೇನು, ಜಂತು ಎಂದು ಏನೇನೋ ಚಿಕಿತ್ಸೆ ನಡೆಯುತ್ತದೆ. ಕೆಲವು ಕುದುರೆಗಳಿಗೆ ಇದರ ಜೊಲ್ಲಿನ ಪ್ರೋಟೀನುಗಳಿಗೆ ಅಲರ್ಜಿ. ಕೆಲವೇ ಕಡಿತಗಳಿಗೂ ಅವು ಜೂಲು ಉದುರಿ ಹೋಗುವಷ್ಟು ತಿಕ್ಕಿಕೊಳ್ಳುತ್ತವೆ. ಚರ್ಮ ರಕ್ತ ಬಸಿದು, ಹಕ್ಕಳೆಗಟ್ಟಿ, ಕಡೆಗೆ ದಪ್ಪನೆಯ ಮಡಿಕೆಗಳಾಗುತ್ತದೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ಪ್ರಾಯದಲ್ಲಿ ಶುರುವಾಗಿ, ವರ್ಷದಿಂದ ವರ್ಷಕ್ಕೆ ಬಲಿಯುತ್ತದೆ. ವಂಶದಲ್ಲೂ ಹರಿದು ಬರುತ್ತದೆ.

ಈ ರೋಗದ ಸ್ವಭಾವ ಬಯಲಾದದ್ದು ಐಸ್‌ಲ್ಯಾಂಡಿನ ಕುದುರೆಗಳಿಂದ. ಈ ನೊರಜಿನ ಕಾಟವಿಲ್ಲದ ಆ ನಾಡಿನಲ್ಲಿ ಹುಟ್ಟಿ ಬೆಳೆದ ಕುದುರೆಗಳನ್ನು ಯುರೋಪಿನ ಇತರ ದೇಶಗಳಿಗೆ ಸಾಗಿಸಿದಾಗ ಅವು ಅಲ್ಲೇ ಹುಟ್ಟಿದ ಅದೇ ತಳಿಯ ಕುದುರೆಗಳಿಗಿಂತ ಬಹಳ ಹೆಚ್ಚಾಗಿ ಈ ತುರಿಕೆಗೆ ಬಿದ್ದವು. ಎಳವೆಯಲ್ಲಿ ಪರಿಚಯವಿಲ್ಲದ ಜೊಲ್ಲನ್ನು ದೊಡ್ಡವಾದ ಮೇಲೆ ಅವುಗಳ ದೇಹ ಸಹಿಸಲಿಲ್ಲ. ಒಮ್ಮೆ ಹೊರಗೆ ಹೋದ ಕುದುರೆ ಐಸ್‌ಲ್ಯಾಂಡಿಗೆ ಮರಳಿ ಬರುವಂತಿಲ್ಲ ಎಂಬುದು ಅಲ್ಲಿನ ಕಾನೂನು, ಹಾಗಾಗಿ ಆ ಕುದುರೆಗಳಿಗೆ ತವರಿಗೆ ಮರಳುವ ದಾರಿಯೂ ಇಲ್ಲ.

ನೊರಜಿನ ದೌರ್ಬಲ್ಯ ಗಾಳಿ. ಗಂಟೆಗೆ ಎಂಟು ಹತ್ತು ಕಿಲೋಮೀಟರ್ ವೇಗದ ಗಾಳಿ ಬೀಸಿದರೂ ಅದಕ್ಕೆ ಹಾರಿ ಬಂದು ಕೂರಲಾಗುವುದಿಲ್ಲ. ಲಾಯದ ಕೋಣೆಗೆ ಒಂದು ಗಟ್ಟಿ ಫ್ಯಾನು ಹಾಕುವುದು ಎಷ್ಟೋ ಮುಲಾಮುಗಳಿಗಿಂತ ಮೇಲು. ತಂತಿ ಕುದುರೆಯ ಬಾಯಿಗೆ ಎಟುಕದಂತೆ, ಮಳೆ ನೀರು ತಾಗದಂತೆ ನೋಡಿಕೊಳ್ಳಿ. ಸಂಜೆ ನಾಲ್ಕರಿಂದ ಬೆಳಗ್ಗೆ ಎಂಟರವರೆಗೆ ಕುದುರೆ ಒಳಗಿರಲಿ. ಕಿಟಕಿಗೆ ಸಾಮಾನ್ಯ ಸೊಳ್ಳೆ ಪರದೆ ಸಾಲದು, ನೊರಜು ಅದರ ಕಣ್ಣಿನಲ್ಲಿ ನುಸುಳುತ್ತದೆ. ಇನ್ನೂ ಒತ್ತಾದ ಹೆಣಿಗೆ ಬೇಕು. ಮೇಯುವ ಜಾಗ ಕೆರೆ, ಗದ್ದೆ, ತಿಪ್ಪೆಯಿಂದ ದೂರವಾಗಿ ಗಾಳಿಯಾಡುವ ಎತ್ತರದಲ್ಲಿದ್ದರೆ ಒಳ್ಳೆಯದು.

ಇಲ್ಲೇ ತೊಡಕು. ಕುದುರೆ ನೊಣಕ್ಕಾಗಿ ಹಗಲು ಒಳಗೆ ಕಟ್ಟಿ ರಾತ್ರಿ ಬಿಡಿ ಎಂದೆ. ನೊರಜಿಗಾದರೆ ರಾತ್ರಿ ಒಳಗೆ, ಹಗಲು ಹೊರಗೆ. ಎರಡೂ ಇರುವ ಊರಿನಲ್ಲಿ ಅಲರ್ಜಿಯಿರುವ ಕುದುರೆಗೆ ನೊರಜಿನ ಲೆಕ್ಕವೇ ಮೊದಲು. ಹಗಲಿನಲ್ಲಿ ಪಟ್ಟೆ ಹೊದಿಕೆ ಹೊದಿಸಿ ಕೆಲವೇ ಗಂಟೆ ಹೊರಗೆ ಬಿಡುವುದು ನಡುದಾರಿ.

ಇಂಥ ಕುದುರೆಗೆ ಕತ್ತಿನಿಂದ ಬಾಲದ ಬುಡದವರೆಗೆ, ಹೊಟ್ಟೆಯಡಿಗೂ ಸುತ್ತುವ ತೆಳು ಬಟ್ಟೆಯ ಹೊದಿಕೆ ಇದೆ. ತುರಿಕೆ ಶುರುವಾದ ಮೇಲಲ್ಲ, ಮೊದಲ ಮಳೆಗೂ ಮುಂಚೆಯೇ ಹೊದಿಸಬೇಕು. ನಮ್ಮ ಹವೆಯಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: ಬೆವರಿನಲ್ಲೋ ಮಳೆಯಲ್ಲೋ ನೆಂದ ಹೊದಿಕೆಯನ್ನು ಹಾಗೆಯೇ ಬಿಟ್ಟರೆ ಕೆಳಗಿನ ಚರ್ಮಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿ ಕೂದಲು ಗಂಟುಗಂಟಾಗಿ ಕಿತ್ತು ಬರುತ್ತದೆ. ಎರಡು ಹೊದಿಕೆ ಇಟ್ಟುಕೊಂಡು ಬದಲಿಸುತ್ತಿರಿ. ಮುಖಕ್ಕೆ ಹಾಕುವ ಜಾಲರಿ ಮುಸುಕಿನ ಮೂಲಕ ಕುದುರೆಗೆ ಕಾಣಿಸುತ್ತದೆ, ಅದು ಕಣ್ಣುಪಟ್ಟಿಯಲ್ಲ. ಆದರೂ ದಿನಾ ತೆಗೆದು ಕಣ್ಣು ಕೆಂಪಾಗಿದೆಯೇ, ಕಸ ಸಿಕ್ಕಿದೆಯೇ ನೋಡಬೇಕು. ಮೈಸೂರಿನಲ್ಲಿ ಸವಾರಿಗೆ ಕಾಯುತ್ತ ಬಿಸಿಲಲ್ಲಿ ನಿಲ್ಲುವ ಟಾಂಗಾ ಕುದುರೆಗಳಿಗೆ ಇಷ್ಟೆಲ್ಲ ಆಗದ ಮಾತು. ಅವಕ್ಕೆ ಹಣೆಪಟ್ಟಿಗೆ ಕಟ್ಟುವ ದಾರದ ಕುಚ್ಚೇ ದೊಡ್ಡ ಸಹಾಯ. ತಲೆ ಅಲುಗಿದಾಗಲೆಲ್ಲ ಅದು ಕಣ್ಣ ಮೇಲಿನ ನೊಣ ಓಡಿಸುತ್ತದೆ. ಚಂದಕ್ಕೆಂದು ಜೂಲು, ಬಾಲ, ಕಿವಿಯೊಳಗಿನ ಕೂದಲು ಕತ್ತರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಇವಲ್ಲದೆ ಬಾಲದಡಿ, ತೊಡೆಯ ಸಂದಿಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡು, ಏಡಿಯಂತೆ ಅಡ್ಡಡ್ಡ ಸರಿಯುವ ಗಟ್ಟಿ ನೊಣವೊಂದಿದೆ. ದನಗಳ ಜೊತೆ ಇರುವ ಕುದುರೆಗಳಲ್ಲಿ ಸಾಮಾನ್ಯ. ಬಡಿದರೆ ಸಾಯುವುದಿಲ್ಲ, ಹಿಡಿದು ಹಿಸುಕಬೇಕು. ಅಭ್ಯಾಸವಿಲ್ಲದ ಕುದುರೆ ಇದಕ್ಕೆ ಒದೆಯುತ್ತದೆ, ಹಿಂದೆ ನಿಂತು ಹುಡುಕಬೇಡಿ.

ಹಚ್ಚುವುದು, ಸಿಂಪಡಿಸುವುದು

ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಇರುವ ದ್ರಾವಣಗಳು ಕೆಲಸ ಮಾಡುತ್ತವೆ, ಆದರೆ ಬೆವರು, ಮಳೆಗೆ ಬೇಗ ತೊಳೆದು ಹೋಗುತ್ತವೆ. ಕುದುರೆಗೆಂದೇ ಚೀಟಿಯಲ್ಲಿ ಬರೆದಿರಬೇಕು, ಎಷ್ಟು ನೀರು ಬೆರೆಸಬೇಕೆಂದು ಪಶುವೈದ್ಯರನ್ನು ಕೇಳಿ. ಲಾಯದಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅದಕ್ಕೆ ಪ್ರಾಣಾಪಾಯ. ಕೆರೆಗೆ ಸೇರಿದರೆ ಮೀನಿಗೆ. ಸೂಕ್ಷ್ಮ ಚರ್ಮದ ಕುದುರೆಗೆ ಹೊಸದೇನನ್ನೇ ಆಗಲಿ, ಬೇವಿನೆಣ್ಣೆಯನ್ನಾದರೂ ಸರಿ, ಮೊದಲು ಅಂಗೈಯಗಲ ಜಾಗಕ್ಕೆ ಹಚ್ಚಿ ಒಂದು ದಿನ ಕಾಯಬೇಕು. ಮುಖಕ್ಕೆ ಸಿಂಪಡಿಸಬಾರದು, ಬಟ್ಟೆಯಲ್ಲಿ ಅದ್ದಿ ಒರೆಸಬೇಕು. ಜೀನು ಕೂರುವ ಜಾಗಕ್ಕೆ ಎಣ್ಣೆ, ಔಷಧಿ ಬೇಡ. ಮನುಷ್ಯರಿಗೆಂದು ಮಾಡಿದ ಡೀಟ್ ಇರುವ ಸೊಳ್ಳೆ ಔಷಧಿಯನ್ನು ದಿನಾ ಹಚ್ಚಿದರೆ ಕುದುರೆಯ ಮೈ ವಿಪರೀತ ಬೆವರಿ ಚರ್ಮ ಕೆಡುವುದುಂಟು.

ದನ, ನಾಯಿಗಳ ಉಣ್ಣೆಗೆ ಎಲ್ಲ ಅಂಗಡಿಗಳಲ್ಲೂ ಸಿಗುವ ಅಮಿಟ್ರಾಜ್ ದ್ರಾವಣವನ್ನು ಕುದುರೆಗೆ ಎಂದೂ ಹಾಕಬೇಡಿ. ಅದು ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ, ಲದ್ದಿ ಕಟ್ಟಿ, ಹೊಟ್ಟೆನೋವಿನಿಂದ ಸಾಯುವ ಸ್ಥಿತಿಗೆ ತರುತ್ತದೆ. ಕೊಟ್ಟಿಗೆಯಲ್ಲಿ ದನವೂ ಕುದುರೆಯೂ ಇರುವವರು ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿಡಿ, ಕೆಲಸದ ಹುಡುಗರಿಗೂ ಹೇಳಿಡಿ.

ಬೆಳ್ಳುಳ್ಳಿ ತಿನ್ನಿಸಿದರೆ ನೊಣ ಹತ್ತಿರ ಬರುವುದಿಲ್ಲ ಎಂಬ ನಂಬಿಕೆ ಹಲವೆಡೆ ಇದೆ. ಹೆಚ್ಚು ಬೆಳ್ಳುಳ್ಳಿ ಕುದುರೆಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತದೆ ಎಂಬುದಂತೂ ಪ್ರಯೋಗದಲ್ಲಿ ಕಂಡದ್ದು. ಸಂಜೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಕೊಟ್ಟಿಗೆಗೆ ಹೊಗೆ ಕೊಡುವ ನಮ್ಮ ಹಳ್ಳಿಯ ಪದ್ಧತಿಯನ್ನು ಕುದುರೆಗೆ ತರುವಾಗ ಎಚ್ಚರವಿರಲಿ. ಕುದುರೆಯ ಶ್ವಾಸಕೋಶ ಹೊಗೆ, ದೂಳಿಗೆ ಬೇಗ ಸೋಲುತ್ತದೆ. ಹೊಗೆ ಲಾಯದ ಹೊರಗೆ, ಬಯಲಿನಲ್ಲಿ, ತೆಳುವಾಗಿ ಹಾದುಹೋಗಲಿ. ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ.

ತಿಕ್ಕಿ ಗಾಯವಾದ ಚರ್ಮಕ್ಕೆ ತಣ್ಣೀರು, ಸೌಮ್ಯ ಶಾಂಪೂ ಹಾಕಿ ಹಕ್ಕಳೆ ನೆನೆಸಿ ತೆಗೆಯುವುದು ಮೊದಲ ಕೆಲಸ. ಬೆಂಜೈಲ್ ಬೆಂಜೋಯೇಟ್ ಬಹಳ ಹಿಂದಿನಿಂದ ಬಳಕೆಯಲ್ಲಿದೆ, ಆದರೆ ಒಡೆದ ಚರ್ಮಕ್ಕೆ ಉರಿ. ತೀರಾ ಹೆಚ್ಚಿದಾಗ ವೈದ್ಯರು ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಗೊರಸಿನೊಳಗಿನ ಉರಿಯೂತದ ಅಪಾಯ ಇರುವುದರಿಂದ ಹಳೆಯ ಚೀಟಿ ಹಿಡಿದು ನೀವೇ ತಂದು ಚುಚ್ಚಬೇಡಿ. ರೇಸಿನ ಕುದುರೆಯಾದರೆ ಮುಲಾಮಿನಲ್ಲಿರುವ ಸ್ಟೀರಾಯ್ಡ್ ಕೂಡ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಯಾವುದೇ ಗಾಯವನ್ನು ತೆರೆದಿಡಬೇಡಿ. ನೊಣಗಳು ಹೊತ್ತು ತರುವ ಜಂತುವಿನ ಮರಿಗಳು ಅಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಮಾಯದ ಹುಣ್ಣಾಗುತ್ತದೆ.

ಜ್ವರ ಬಂದು ಬಂದು ಹೋದರೆ

ನೊಣದ ಕಾಟ ಬರಿಯ ತುರಿಕೆಯಲ್ಲಿ ಮುಗಿಯುವುದಿಲ್ಲ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ, ಈಗ ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ, ಕುದುರೆ ಮತ್ತು ಒಂಟೆಗಳನ್ನು ಕೊಲ್ಲುತ್ತಿದ್ದ ಸರ್ರಾ ರೋಗದ ಪರಾವಲಂಬಿಯನ್ನು ರಕ್ತದಲ್ಲಿ ಕಂಡುಹಿಡಿದ. ಟ್ರಿಪನೋಸೋಮಾ ಎಂಬ ಆ ಪರಾವಲಂಬಿ ಇಂದಿಗೂ ನಮ್ಮ ದೇಶದಲ್ಲಿದೆ. ಕುದುರೆ ನೊಣ, ಲಾಯದ ನೊಣ ಅದನ್ನು ಬಾಯಲ್ಲಿ ಹೊತ್ತೊಯ್ಯುತ್ತವೆ. ಕಚ್ಚಿದ ನೋವಿಗೆ ಕುದುರೆ ಕೊಡವಿದಾಗ, ಅರೆಹೊಟ್ಟೆಯ ನೊಣ ರಕ್ತದ ಬಾಯಿಯಲ್ಲೇ ಪಕ್ಕದ ಕುದುರೆಗೆ ಹಾರುತ್ತದೆ. ದನ, ಎಮ್ಮೆಗಳಲ್ಲಿ ಈ ರೋಗ ಹೊರಗೆ ತೋರದೆಯೂ ಇರಬಹುದು. ಕುದುರೆಯಲ್ಲಿ ಜ್ವರ ಬಂದು ಬಂದು ಹೋಗುತ್ತದೆ, ಮೇವು ತಿಂದರೂ ಸೊರಗುತ್ತದೆ, ಒಸಡು ಬಿಳಚುತ್ತದೆ, ಕಾಲು ಮತ್ತು ಹೊಟ್ಟೆಯಡಿ ನೀರು ತುಂಬಿ ಊದುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸಾಯುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಏರಿದ ಹೊತ್ತಿನಲ್ಲೇ ರಕ್ತ ತೆಗೆದರೆ ಪರಾವಲಂಬಿ ಸಿಗುವ ಸಾಧ್ಯತೆ ಹೆಚ್ಚು, ಒಂದು ಸಲ ಸಿಗದಿದ್ದರೆ ಇಲ್ಲವೆಂದಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಸ್ಥಳೀಯ ಪಶು ಆಸ್ಪತ್ರೆಯ ವೈದ್ಯರ ಮೂಲಕ ಮಾದರಿ ಕಳಿಸಬಹುದು. ಫಲಿತಾಂಶ ಬರುವವರೆಗೆ ಆ ಕುದುರೆಯನ್ನು ಉಳಿದವುಗಳಿಂದ ಆದಷ್ಟು ದೂರ, ಸಾಧ್ಯವಾದರೆ ಇನ್ನೂರು ಗಜದಾಚೆ, ಪರದೆ ಹಾಕಿದ ಜಾಗದಲ್ಲಿ ಕಟ್ಟಿ. ಅಷ್ಟು ದೂರ ಹಾರುವುದಕ್ಕಿಂತ ನೊಣ ಬಿಟ್ಟ ಊಟವನ್ನು ಅದೇ ಕುದುರೆಯ ಮೇಲೆ ಮುಗಿಸಲು ನೋಡುತ್ತದೆ.

ಕುದುರೆ ಕೊಳ್ಳಲು ಹೊರಟವರಿಗೆ ಒಂದು ಮಾತು. ಚಳಿಗಾಲದಲ್ಲಿ ನೊರಜು ಕಡಿಮೆಯಾಗಿ, ಕೂದಲು ಮತ್ತೆ ಬೆಳೆದು, ಅಲರ್ಜಿಯ ಕುದುರೆಯೂ ಚೆನ್ನಾಗಿಯೇ ಕಾಣುತ್ತದೆ. ಜೂಲನ್ನು ಎರಡೂ ಕೈಯಿಂದ ಬಿಡಿಸಿ ಬುಡದ ಚರ್ಮ ಮುಟ್ಟಿ ನೋಡಿ: ದಪ್ಪಗಟ್ಟಿದ ಮಡಿಕೆ, ತುಂಡಾಗಿ ಮೊಟಕಾದ ಕೂದಲು, ಕಪ್ಪಾದ ಹಳೆಯ ಕಲೆ ಇದೆಯೇ? ಬಾಲದ ಬುಡವನ್ನೂ ಹೊಟ್ಟೆಯ ನಡುಗೆರೆಯನ್ನೂ ಹಾಗೆಯೇ ನೋಡಿ. ಹೋದ ಮಳೆಗಾಲದಲ್ಲಿ ತೆಗೆದ ಫೋಟೋ ಕೇಳಿ ಪಡೆಯಿರಿ. ಹೆಣ್ಣು ಕುದುರೆಯನ್ನು ಮರಿಗೆಂದು ಕೊಳ್ಳುತ್ತಿದ್ದರೆ ಅದರ ತಾಯಿಗೆ ಈ ತುರಿಕೆ ಇತ್ತೇ ಎಂದೂ ವಿಚಾರಿಸಿ.